ಕಾಲಡಿಯ ಸಹಕಾರಿಗಳು: ಮಣ್ಣಿನ ಹುಳಗಳನ್ನು ಲೋಕ ಅರಿತುಕೊಂಡ ಕಥೆ

ನಮ್ಮ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಸಂತೋಷದ ಸಂದರ್ಭದಲ್ಲಿ ಸಂಘದ ಹುಟ್ಟು, ಬೆಳವಣಿಗೆ, ಷೇರು ಬಂಡವಾಳ, ಠೇವಣಿ, ಸಾಲ ವಸೂಲಾತಿ ಮುಂತಾದ ವಿವರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಸಂಘದ ಚರಿತ್ರೆ. ಅದಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ವಾರ್ಷಿಕ ಮಹಾಸಭೆಯಿಲ್ಲ, ಆಡಿಟ್ ಇಲ್ಲ. ಆದರೆ ಒಂದು ಎಕರೆ ತೋಟದಲ್ಲೇ ಅದರ ಸದಸ್ಯರು ಕೋಟಿಗಟ್ಟಲೆ ಇದ್ದಾರೆ. ಅವರ ದುಡಿಮೆ ನಿಂತ ದಿನ ನಮ್ಮ ಸಂಘದ ಲೆಕ್ಕದ ಪುಸ್ತಕವನ್ನೂ ಮುಚ್ಚಬೇಕಾಗುತ್ತದೆ. ಎರೆಹುಳು, ಸಹಸ್ರಪದಿ, ಗೆದ್ದಲು, ಕಲ್ಲು ಎತ್ತಿದರೆ ಅಡಿಯಲ್ಲಿ ಗುಂಪಾಗಿ ಕೂತಿರುವ ಬೂದುಬಣ್ಣದ ಹುಳ, ಬರಿಗಣ್ಣಿಗೆ ಕಾಣಿಸದ ನುಸಿ, ಇವರೆಲ್ಲ ಆ ಸಂಘದ ಸದಸ್ಯರು.

ಕಾಡಿನಲ್ಲಿ, ತೋಟದಲ್ಲಿ ವರ್ಷಾ ವರ್ಷಾ ಎಲೆ ಬೀಳುತ್ತದೆ. ಬಿದ್ದದ್ದೆಲ್ಲ ಹಾಗೇ ಉಳಿದಿದ್ದರೆ ನಮ್ಮ ಅಜ್ಜಂದಿರ ಕಾಲಕ್ಕೇ ಊರು ಎಲೆಯಲ್ಲಿ ಮುಳುಗಿಹೋಗಬೇಕಿತ್ತು. ಎಲೆ ಎಲ್ಲಿಗೆ ಹೋಗ್ತದೆ ಅಂತ ಕೇಳಿದರೆ, "ಕೊಳೀತದೆ, ಗೊಬ್ಬರ ಆಗ್ತದೆ" ಅನ್ನುತ್ತೇವೆ. ಸರಿ, ಆದರೆ ಅದನ್ನು ಗೊಬ್ಬರ ಮಾಡುವವರು ಯಾರು? ಈ ಸಣ್ಣ ಪ್ರಶ್ನೆಗೆ ಒಪ್ಪತಕ್ಕ ಉತ್ತರ ಸಿಗಲು ಲೋಕಕ್ಕೆ ಇನ್ನೂರು ವರ್ಷದ ಹತ್ತಿರ ಹಿಡಿಯಿತು. ಆ ಕಥೆ ರೈತನಾದವನು ತಿಳಿದಿರಬೇಕಾದ ಕಥೆ ಎಂದು ನಮ್ಮ ಭಾವನೆ.

ಹುಳವೆಂದರೆ ಹಗೆ ಎನ್ನುತ್ತಿದ್ದ ಕಾಲ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈತರಿಗೂ ತೋಟಗಾರರಿಗೂ ಎರೆಹುಳು ಕಂಡರೆ ಆಗುತ್ತಿರಲಿಲ್ಲ. ಹಿಕ್ಕೆ ಹಾಕಿ ಹುಲ್ಲುಹಾಸನ್ನು ಕೆಡಿಸುತ್ತದೆ, ಎಳೆಯ ಪೈರನ್ನು ತಿನ್ನುತ್ತದೆ ಎಂಬುದು ಅವರ ದೂರು. ಆ ಕಾಲದಲ್ಲಿ ಹ್ಯಾಂಪ್‌ಷೈರ್ ಸೀಮೆಯ ಸೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದರು. ತಮ್ಮ ಊರಿನ ಹಕ್ಕಿ, ಹುಳ, ಮಳೆ, ಗಾಳಿಗಳನ್ನು ದಿನವೂ ನೋಡಿ ಬರೆದಿಡುವುದು ಅವರ ಅಭ್ಯಾಸ. 1777ರ ಮೇ ತಿಂಗಳಲ್ಲಿ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಅವರು ಎರೆಹುಳುವಿನ ಪರವಾಗಿ ವಾದಿಸಿದರು. ನೋಡಲು ಕ್ಷುದ್ರವಾದ ಈ ಜೀವಿ ಇಲ್ಲವಾದರೆ ಸೃಷ್ಟಿಯ ಸರಪಳಿಯಲ್ಲಿ ದೊಡ್ಡ ಕೊಂಡಿಯೇ ಕಳಚಿದಂತೆ, ನೆಲವನ್ನು ಸಡಿಲ ಮಾಡಿ ಮಳೆನೀರು ಇಳಿಯುವಂತೆ ಮಾಡುವುದು, ಎಲೆ ಕಡ್ಡಿಗಳನ್ನು ಒಳಗೆ ಎಳೆದುಕೊಳ್ಳುವುದು ಇದೇ, ಇದಿಲ್ಲದ ಭೂಮಿ ಗಟ್ಟಿಯಾಗಿ ಬಂಜರಾಗುತ್ತದೆ ಎಂಬುದು ಅವರ ಮಾತಿನ ಸಾರಾಂಶ. ವೈಟರ ಪತ್ರಗಳು 1789ರ ಹೊತ್ತಿಗೆ ಪುಸ್ತಕವಾಗಿ ಬಂದವು. ಜನ ಓದಿ ಮೆಚ್ಚಿದರು. ಆದರೆ ಇದು ಕಣ್ಣಳತೆಯ ಮಾತು, ಲೆಕ್ಕ ಇಲ್ಲ. ಲೆಕ್ಕ ಇಡುವವರು ಬರುವ ತನಕ ಎರೆಹುಳು ಹಗೆಯಾಗಿಯೇ ಉಳಿಯಿತು.

ಸೋದರಮಾವನ ಹೊಲದಲ್ಲಿ ಕಂಡದ್ದು

ಲೆಕ್ಕ ಇಟ್ಟವರು ಚಾರ್ಲ್ಸ್ ಡಾರ್ವಿನ್ನರು. ಐದು ವರ್ಷ ಹಡಗಿನಲ್ಲಿ ಲೋಕ ಸುತ್ತಿ 1836ರಲ್ಲಿ ಊರಿಗೆ ಮರಳಿದ ಅವರು, ಮರುವರ್ಷ ಮೇಯರ್ ಎಂಬಲ್ಲಿದ್ದ ಸೋದರಮಾವ ಜೋಸಯ್ಯ ವೆಜ್‌ವುಡ್ಡರ ಮನೆಗೆ ಹೋದರು. (ಆ ಸೋದರಮಾವನ ಮಗಳು ಎಮ್ಮಾರನ್ನೇ ಡಾರ್ವಿನ್ನರು 1839ರಲ್ಲಿ ಮದುವೆಯಾದರು. ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.) ಮಾವ ಅಳಿಯನಿಗೆ ತಮ್ಮ ಹುಲ್ಲುಗಾವಲನ್ನು ತೋರಿಸಿದರು. ಕೆಲವು ವರ್ಷಗಳ ಹಿಂದೆ ಆ ನೆಲದ ಮೇಲೆ ಸುಣ್ಣ, ಕಲ್ಲಿದ್ದಲ ಕರಿ ಹರಡಿದ್ದರು. ನೇಗಿಲು ಮುಟ್ಟದ ಆ ನೆಲದಲ್ಲಿ ಅವು ಈಗ ಮೇಲೆ ಕಾಣುತ್ತಿರಲಿಲ್ಲ. ಅಗೆದು ನೋಡಿದರೆ ಕೆಲವು ಅಂಗುಲ ಕೆಳಗೆ ಒಂದೇ ಪದರವಾಗಿ ಕೂತಿದ್ದವು. ಇದು ಎರೆಹುಳುಗಳ ಕೆಲಸವಿರಬೇಕು ಎಂಬ ಊಹೆ ಮಾವನದೇ. ಕೆಳಗಿನ ಮಣ್ಣನ್ನು ತಿಂದು ಹಿಕ್ಕೆಯಾಗಿ ಮೇಲೆ ತಂದು ಹಾಕುತ್ತಾ ಹೋದರೆ, ಮೇಲಿದ್ದದ್ದು ತಾನಾಗಿ ಕೆಳಗೆ ಹೋಗಲೇಬೇಕಲ್ಲ!

ಡಾರ್ವಿನ್ನರು 1837ರ ನವೆಂಬರಿನಲ್ಲಿ ಲಂಡನ್ನಿನ ಭೂವಿಜ್ಞಾನ ಸಭೆಯ ಮುಂದೆ ಇದನ್ನು ಪ್ರಬಂಧವಾಗಿ ಓದಿದರು. ಆದರೆ ಅಷ್ಟಕ್ಕೆ ಬಿಡಲಿಲ್ಲ. 1842ರಲ್ಲಿ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದ ಮೇಲೆ, ಅದೇ ಡಿಸೆಂಬರಿನಲ್ಲಿ ಒಂದು ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದರು. ಆಮೇಲೆ ಕಾದರು. ಎಷ್ಟು ಕಾಲ? 29 ವರ್ಷ! 1871ರ ನವೆಂಬರಿನಲ್ಲಿ ಅಲ್ಲಿ ಅಡ್ಡಲಾಗಿ ಕಾಲುವೆ ತೋಡಿಸಿದಾಗ ನೆಲದಿಂದ 7 ಅಂಗುಲ ಕೆಳಗೆ ಬಿಳಿಯ ಗೆರೆ ಎಳೆದ ಹಾಗೆ ಆ ಚೂರುಗಳು ಕಂಡವು. ವರ್ಷಕ್ಕೆ ಕಾಲು ಅಂಗುಲಕ್ಕಿಂತ ತುಸು ಕಡಮೆ ಎಂದಾಯಿತು. ಕಾಲು ಅಂಗುಲ ಅಳೆಯಲು ಮೂವತ್ತು ವರ್ಷ ಕಾಯುವ ತಾಳ್ಮೆ ಎಂಥದ್ದು, ನೀವೇ ಯೋಚಿಸಿ.

ಇನ್ನೊಂದು ಕಡೆ ಮನೆಯೊಳಗೆ ಕುಂಡಗಳಲ್ಲಿ ಎರೆಹುಳು ಸಾಕಿಕೊಂಡು ಅವುಗಳ ಸ್ವಭಾವವನ್ನೂ ಪರೀಕ್ಷಿಸಿದರು. ಮನೆಮಂದಿಯೆಲ್ಲ ಈ ಕೆಲಸಕ್ಕೆ ಕೂಡಿಬಂದರು. ಒಬ್ಬರು ಸೀಟಿ ಊದಿದರು, ಒಬ್ಬರು ಬಸೂನ್ ಎಂಬ ದೊಡ್ಡ ಕೊಳಲಿನಂಥ ವಾದ್ಯ ನುಡಿಸಿದರು, ಒಬ್ಬರು ಪಿಯಾನೊ ಬಾರಿಸಿದರು. ಹುಳಗಳು ಕದಲಲಿಲ್ಲ. ಕುಂಡವನ್ನು ಪಿಯಾನೊದ ಮೇಲೇ ಇಟ್ಟು ಬಾರಿಸಿದಾಗ ಮಾತ್ರ ಸರಕ್ಕನೆ ಬಿಲ ಸೇರಿದವು. ಅಂದರೆ ಅವಕ್ಕೆ ಕಿವಿಯಿಲ್ಲ, ಆದರೆ ನೆಲದ ಅದುರು ಮೈಗೆ ತಿಳಿಯುತ್ತದೆ. ಬಿಲದೊಳಗೆ ಎಳೆದುಕೊಂಡ 227 ಒಣಗಿದ ಎಲೆಗಳನ್ನು ಡಾರ್ವಿನ್ನರು ಹೊರತೆಗೆದು ನೋಡಿದರು. ಅವುಗಳಲ್ಲಿ 181 ಎಲೆಗಳನ್ನು ತುದಿಯ ಕಡೆಯಿಂದಲೇ ಹಿಡಿದು ಎಳೆದಿದ್ದವು. ಚೂಪಾದ ತುದಿಯಿಂದ ಎಳೆದರೆ ಸಲೀಸು, ಅಗಲವಾದ ಬುಡದಿಂದ ಎಳೆದರೆ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣಿಲ್ಲದ ಹುಳಕ್ಕೆ ಇಷ್ಟು ತಿಳಿವಳಿಕೆ!

ಇಂಗ್ಲೆಂಡಿನ ಅನೇಕ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಡಾರ್ವಿನ್ನರು ಲೆಕ್ಕ ಹಾಕಿದರು. ಇದನ್ನು ಎಲ್ಲರೂ ಒಪ್ಪಿದರು ಎಂದಲ್ಲ. ಫಿಶ್ ಎಂಬುವರು 1869ರಲ್ಲೇ ಇಷ್ಟು ದುರ್ಬಲವಾದ, ಇಷ್ಟು ಸಣ್ಣ ಹುಳ ಅಷ್ಟು ದೊಡ್ಡ ಕೆಲಸ ಮಾಡುವುದು ನಂಬತಕ್ಕದ್ದಲ್ಲ ಎಂದು ಆಕ್ಷೇಪಿಸಿದ್ದರು. ಬಿಡದೆ ನಡೆಯುವ ಸಣ್ಣ ಕೆಲಸವನ್ನು ಕೂಡಿಸಿ ನೋಡುವ ಶಕ್ತಿ ಜನಕ್ಕಿಲ್ಲದೆ ಹೋದದ್ದೇ ಈ ಅಪನಂಬಿಕೆಗೆ ಕಾರಣ ಎಂಬುದು ಡಾರ್ವಿನ್ನರ ಅಭಿಪ್ರಾಯ. ನಮ್ಮ ಸಂಘದಲ್ಲಿ ಪಿಗ್ಮಿ ಕಟ್ಟುವ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ದಿನಕ್ಕೆ ಹತ್ತು ರೂಪಾಯಿ ಲೆಕ್ಕಕ್ಕೇ ಬಾರದು, ವರ್ಷದ ಕೊನೆಗೆ ಮಗಳ ಫೀಸು ಕಟ್ಟುವುದು ಅದೇ.

ಎರೆಹುಳುಗಳ ಮೇಲಿನ ಡಾರ್ವಿನ್ನರ ಪುಸ್ತಕ 1881ರ ಅಕ್ಟೋಬರಿನಲ್ಲಿ ಹೊರಬಂತು. ಮುಂದಿನ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಜಗತ್ಪ್ರಸಿದ್ಧರಾದ ಮೇಲೂ ತಮ್ಮ ಕೊನೆಯ ಪುಸ್ತಕವನ್ನು ಎರೆಹುಳುವಿಗೆ ಮೀಸಲಿಟ್ಟದ್ದು ಅವರ ದೊಡ್ಡತನ.

ಆಲಿಕೆಯಲ್ಲಿ ಇಳಿದ ಲೋಕ

ಎರೆಹುಳು ಕಣ್ಣಿಗೆ ಕಾಣುತ್ತದೆ. ಕಾಣದವರನ್ನು ಎಣಿಸುವುದು ಹೇಗೆ? ಇದಕ್ಕೆ ಉಪಾಯ ಹೂಡಿದವರು ಇಟಲಿಯ ಕೀಟವಿಜ್ಞಾನಿ ಆಂಟೋನಿಯೊ ಬೆರ್ಲೇಸೆ. 1905ರಲ್ಲಿ ಅವರು ಒಂದು ಆಲಿಕೆಯ ಮೇಲೆ ಜಾಲರಿ ಇಟ್ಟು, ಜಾಲರಿಯ ಮೇಲೆ ಎಲೆಮಣ್ಣು ಹರಡಿ, ಆಲಿಕೆಯನ್ನು ಬಿಸಿನೀರಿನಿಂದ ಕಾಯಿಸಿದರು. ಮಣ್ಣು ಒಣಗುತ್ತಾ ಬಂದಂತೆ ಒಳಗಿದ್ದ ಜೀವಿಗಳೆಲ್ಲ ತೇವ ಹುಡುಕಿಕೊಂಡು ಕೆಳಗೆ ಸರಿದು, ಆಲಿಕೆಯ ಬಾಯಿಂದ ಸೀಸೆಗೆ ಬಿದ್ದವು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಎಂಬುವರು ಬಿಸಿನೀರಿನ ಬದಲು ಮೇಲೆ ವಿದ್ಯುತ್ ಬಲ್ಬು ತೂಗುಹಾಕಿ ಇದನ್ನು ಇನ್ನಷ್ಟು ಸುಲಭ ಮಾಡಿದರು.

ಈ ಆಲಿಕೆ ಬಂದ ಮೇಲೆ ಮಣ್ಣಿನೊಳಗಿನ ಜನಗಣತಿ ಶುರುವಾಯಿತು. ಒಳ್ಳೆಯ ಎಲೆಮಣ್ಣಿನ ಒಂದು ಚದರ ಮೀಟರಿನಲ್ಲಿ, ಅಂದರೆ ಒಂದು ಸಣ್ಣ ಚಾಪೆ ಹಾಸುವಷ್ಟು ಜಾಗದಲ್ಲಿ, ನುಸಿಗಳೂ ಬಾಲ ಚಿಮ್ಮಿ ನೆಗೆಯುವ ಪುಟ್ಟ ಜೀವಿಗಳೂ ಸೇರಿ ಹತ್ತಾರು ಸಾವಿರ ಲೆಕ್ಕ ಸಿಕ್ಕಿತು. ನಮ್ಮ ಶಾಲೆಯ ಮಕ್ಕಳು ಬೇಕಾದರೆ ಇದನ್ನು ಮಾಡಿ ನೋಡಬಹುದು. ಪ್ಲಾಸ್ಟಿಕ್ ಆಲಿಕೆ, ಒಂದು ತುಂಡು ಸೊಳ್ಳೆಜಾಲರಿ, ಕೆಳಗೆ ಒದ್ದೆ ಬಟ್ಟೆ ಹಾಸಿದ ಗಾಜಿನ ಲೋಟ ಇಷ್ಟೇ ಸಾಕು. ಬಲ್ಬು ಮಾತ್ರ ಬಿಸಿಯಾಗುವ ಹಳೆಯ ಬಲ್ಬೇ ಆಗಬೇಕು, ಈಗಿನ ಎಲ್‌ಇಡಿಗೆ ಆ ಕಾವು ಇಲ್ಲ. ನೋಡಿ ಆದ ಮೇಲೆ ಅವನ್ನು ತೋಟಕ್ಕೇ ಬಿಟ್ಟುಬಿಡಿ.

ಕಡಲು ಬಿಟ್ಟು ಬಂದ ನೆಂಟ

ಇನ್ನು ಕಲ್ಲಡಿಯ ಆ ಬೂದು ಹುಳದ ವಿಚಾರ. ಹಳೆಯ ಹೂಕುಂಡ, ಕೊಳೆತ ಮರದ ದಿಮ್ಮಿ, ಬಚ್ಚಲ ಹಿಂದಿನ ಕಲ್ಲು ಇವನ್ನು ಎತ್ತಿದರೆ ಹತ್ತಿಪ್ಪತ್ತು ಒಟ್ಟಿಗೆ ಇರುತ್ತವೆ. ಮೈಮೇಲೆ ಪಟ್ಟಿ ಪಟ್ಟಿಯ ಚಿಪ್ಪು, ಏಳು ಜೊತೆ ಕಾಲು. ಕೆಲವು ಜಾತಿಯವು ಮುಟ್ಟಿದರೆ ಗುಂಡಗೆ ಸುರುಳಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ವುಡ್‌ಲೌಸ್ ಅನ್ನುತ್ತಾರೆ, ಮರದ ಹೇನು ಎಂದರ್ಥ. ಹೇನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಏಡಿ, ಸಿಗಡಿಗಳ ದಾಯಾದಿ. ಬಹುಕಾಲದ ಹಿಂದೆ ಕಡಲು ಬಿಟ್ಟು ನೆಲಕ್ಕೆ ಬಂದ ವಂಶ.

ನೆಲಕ್ಕೆ ಬಂದರೂ ಕಡಲಿನ ಗುಣ ಬಿಟ್ಟಿಲ್ಲ. ಹೊಟ್ಟೆಯ ಕೆಳಗಿನ ಕಿವಿರಿನಂಥ ಹಾಳೆಗಳಿಂದ ಉಸಿರಾಡುತ್ತದೆ, ಅವು ಒದ್ದೆಯಾಗಿಯೇ ಇರಬೇಕು. ತಾಯಿ ಹೊಟ್ಟೆಯಡಿಯ ನೀರು ತುಂಬಿದ ಚೀಲದಲ್ಲಿ ಮೊಟ್ಟೆ ಇಟ್ಟುಕೊಂಡು ತಿರುಗುತ್ತದೆ. ಮರಿಗಳು ಹೊರಬರುವಾಗ ಆರು ಜೊತೆ ಕಾಲು, ಏಳನೆಯದು ಆಮೇಲೆ ಮೂಡುತ್ತದೆ. ಪೊರೆ ಬಿಡುವಾಗಲೂ ಒಮ್ಮೆಗೇ ಬಿಡುವುದಿಲ್ಲ, ಮೊದಲು ಹಿಂಭಾಗ, ಒಂದೆರಡು ದಿನ ಕಳೆದು ಮುಂಭಾಗ. ಅರ್ಧ ಮೈ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣದ ಹುಳವನ್ನು ನೀವು ನೋಡಿದ್ದರೆ ಅದರ ಗುಟ್ಟು ಇದು. ಕೀಟಗಳ ಮೈಮೇಲಿರುವಂಥ ಮೇಣದ ಲೇಪ ಇದಕ್ಕಿಲ್ಲವಾದ್ದರಿಂದ ಬಿಸಿಲಿಗೆ ಬಂದರೆ ಮೈಯ ನೀರು ಆರಿ ಸಾಯುತ್ತದೆ. ಹಗಲು ಅಡಗಿ ರಾತ್ರಿ ಮೇಯುವುದು ಇದೇ ಕಾರಣಕ್ಕೆ. ಮೇವು ಮುಖ್ಯವಾಗಿ ಕೊಳೆತ ಎಲೆ, ಲಡ್ಡು ಮರ.

ಕಣ್ಣು ಮಂಜಾದ ಈ ಹುಳಕ್ಕೆ ತೇವದ ಜಾಗ ಹೇಗೆ ಗೊತ್ತಾಗುತ್ತದೆ? ಡೊನಾಲ್ಡ್ ಗನ್ ಎಂಬ ವಿಜ್ಞಾನಿ 1937ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಣ ಗಾಳಿಯಲ್ಲಿ ಹುಳ ಸುಮ್ಮನೆ ಕೂರದೆ ಓಡಾಡುತ್ತಲೇ ಇರುತ್ತದೆ, ತೇವ ಸಿಕ್ಕ ಕಡೆ ನಿಂತುಬಿಡುತ್ತದೆ. ಅಷ್ಟೇ ನಿಯಮ. ದಾರಿ ಗೊತ್ತಿಲ್ಲದಿದ್ದರೂ ಇದೊಂದು ನಿಯಮದಿಂದಲೇ ಕೊನೆಗೆ ಎಲ್ಲವೂ ತಂಪಿನ ಜಾಗಕ್ಕೆ ಬಂದು ಸೇರುತ್ತವೆ.

ಅವು ಗುಂಪಾಗಿ ಒತ್ತಿಕೊಂಡು ಕೂರುವುದೇಕೆ ಎಂಬುದನ್ನು ಅದಕ್ಕಿಂತ ಮೊದಲೇ ಪರೀಕ್ಷಿಸಿದವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದ ವಾರ್ಡರ್ ಆಲೀ. 1926ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸಹಕಾರಿಗಳಾದ ನಾವೆಲ್ಲ ನೆನಪಿಡತಕ್ಕದ್ದು. ಒಣ ಜಾಗದಲ್ಲಿ ಒಂಟಿಯಾಗಿ ಬಿಟ್ಟ ಹುಳ ಬೇಗ ನೀರು ಕಳೆದುಕೊಳ್ಳುತ್ತದೆ. ಗುಂಪಾಗಿ ಒತ್ತಿ ಕೂತ ಹುಳಗಳು ನಿಧಾನವಾಗಿ ಕಳೆದುಕೊಳ್ಳುತ್ತವೆ. ಅಂದರೆ ಬರಗಾಲ ದಾಟಲು ಅವು ಕಂಡುಕೊಂಡ ಉಪಾಯ ಒಟ್ಟಿಗಿರುವುದು. ಜೀವಲೋಕ ಎಂದರೆ ಬರೀ ಹೊಡೆದಾಟ, ಬಲಶಾಲಿಗೆ ಮಾತ್ರ ಬದುಕು ಎಂದು ಅನೇಕರು ಹೇಳುತ್ತಿದ್ದ ಕಾಲದಲ್ಲಿ, ಕೂಡಿ ಬಾಳುವುದೂ ಪ್ರಕೃತಿಯ ನಿಯಮವೇ ಎಂದು ಆಲೀ ತಮ್ಮ ಮುಂದಿನ ಪುಸ್ತಕಗಳಲ್ಲಿ ವಾದಿಸಿದರು. ಒಂದು ಜೀವಿಯ ಸಂಖ್ಯೆ ತೀರಾ ಕಡಮೆಯಾದರೆ ಉಳಿದವು ಬದುಕುವುದೂ ಕಷ್ಟವಾಗುತ್ತದೆ ಎಂಬ ತತ್ವಕ್ಕೆ ಇಂದಿಗೂ ವಿಜ್ಞಾನದಲ್ಲಿ ಅವರದೇ ಹೆಸರಿದೆ.

ನಾಲ್ಕು ಬಗೆಯ ಚೀಲ

ಇಷ್ಟಾದರೂ ಮೂಲ ಪ್ರಶ್ನೆ ಉಳಿದೇ ಇತ್ತು. ಎಲೆಯನ್ನು ಗೊಬ್ಬರ ಮಾಡುವುದು ಹುಳಗಳೋ, ಕಣ್ಣಿಗೆ ಕಾಣದ ಅಣುಜೀವಿಗಳೋ? ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟ ಪ್ರಯೋಗ ನಡೆದದ್ದು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ. ಈ ಕೇಂದ್ರಕ್ಕೆ ಒಂದು ವಿಶೇಷ ಇದೆ. ಅದನ್ನು 1843ರಲ್ಲಿ ಸ್ಥಾಪಿಸಿದ ಜಾನ್ ಬೆನೆಟ್ ಲಾಸ್ ಎಂಬುವರು ಅದಕ್ಕೆ ಹಿಂದಿನ ವರ್ಷವಷ್ಟೇ ಸೂಪರ್ ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದಿದ್ದವರು. ಅಂದರೆ ಇವತ್ತು ನಮ್ಮ ಸಂಘದ ಗೋದಾಮಿನಲ್ಲಿ ಮೂಟೆ ಮೂಟೆಯಾಗಿ ಇಳಿಯುವ ಗೊಬ್ಬರದ ಚರಿತ್ರೆಯೂ, ಮಣ್ಣಿನ ಹುಳಗಳ ಚರಿತ್ರೆಯೂ ಒಂದೇ ಅಂಗಳದಲ್ಲಿ ಕೂಡುತ್ತವೆ.

ಅಲ್ಲಿ ಎಡ್ವರ್ಡ್ಸ್ ಮತ್ತು ಹೀತ್ ಎಂಬಿಬ್ಬರು ನೈಲಾನ್ ಬಲೆಯ ಸಣ್ಣ ಚೀಲಗಳನ್ನು ಹೊಲಿಸಿ, ಓಕ್ ಮತ್ತು ಬೀಚ್ ಮರಗಳ ಎಲೆಯಿಂದ ಒಂದೇ ಅಳತೆಯ ಬಿಲ್ಲೆಗಳನ್ನು ಕತ್ತರಿಸಿ ತುಂಬಿ ಮಣ್ಣಿನಲ್ಲಿ ಹೂಳಿದರು. ಬಲೆಯ ಕಣ್ಣು ನಾಲ್ಕು ಬಗೆ. 7 ಮಿಲಿಮೀಟರ್ ಕಣ್ಣಿನ ಚೀಲಕ್ಕೆ ಎರೆಹುಳುವೂ ನುಗ್ಗಬಹುದು. 1 ಮಿಲಿಮೀಟರಿನದಕ್ಕೂ ಅರ್ಧ ಮಿಲಿಮೀಟರಿನದಕ್ಕೂ ಅದಕ್ಕಿಂತ ಸಣ್ಣವು ಮಾತ್ರ. ಕೊನೆಯದು 0.003 ಮಿಲಿಮೀಟರ್, ಅದರೊಳಗೆ ಅಣುಜೀವಿಗಳು ಬಿಟ್ಟರೆ ಯಾರಿಗೂ ಪ್ರವೇಶವಿಲ್ಲ. ತಿಂಗಳುಗಳು ಕಳೆದು ತೆಗೆದು ನೋಡಿದರೆ, ದೊಡ್ಡ ಕಣ್ಣಿನ ಚೀಲದಲ್ಲಿ ಎಲೆ ಬಹುಪಾಲು ಮಾಯ. ಅತಿ ಸಣ್ಣ ಕಣ್ಣಿನ ಚೀಲದಲ್ಲಿ ಎಲೆ ಹೂಳಿದ ಹಾಗೇ ಇತ್ತು! 1963ರಲ್ಲಿ ಇದು ಪ್ರಕಟವಾಯಿತು.

ಇದರ ಅರ್ಥ ಅಣುಜೀವಿಗಳು ಕೆಲಸ ಮಾಡುವುದಿಲ್ಲ ಎಂದಲ್ಲ. ಸೊಪ್ಪು ಹೆಚ್ಚಿ ಕೊಡದೆ ಸಾರು ಆಗುವುದಿಲ್ಲ. ಎಲೆಯನ್ನು ಕತ್ತರಿಸಿ, ಜಗಿದು, ಹಿಕ್ಕೆ ಮಾಡಿ ಕೊಡುವವರು ಹುಳಗಳು. ಅದನ್ನು ಬೇಯಿಸಿ ಗಿಡದ ಬೇರಿಗೆ ಬಡಿಸುವವರು ಅಣುಜೀವಿಗಳು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ವೈಟರು ಪತ್ರ ಬರೆದು 186 ವರ್ಷಗಳ ಮೇಲೆ ಅವರ ಮಾತಿಗೆ ಪೂರ್ತಿ ಸಾಕ್ಷಿ ಸಿಕ್ಕಂತಾಯಿತು.

ವಿಷ ಹೋದ ದಾರಿ

ಇದೇ ಹೊತ್ತಿನಲ್ಲಿ ಈ ಹುಳಗಳ ಮೂಲಕವೇ ಇನ್ನೊಂದು ಪಾಠವನ್ನೂ ಲೋಕ ಕಲಿಯಬೇಕಾಯಿತು. ಅಮೆರಿಕದ ಮಿಷಿಗನ್ ರಾಜ್ಯದ ವಿಶ್ವವಿದ್ಯಾನಿಲಯದ ಆವರಣದಲ್ಲಿ 1954ರಿಂದ ಎಲ್ಮ್ ಮರಗಳಿಗೆ ರೋಗ ಹರಡದಂತೆ ಡಿಡಿಟಿ ಸಿಂಪಡಿಸತೊಡಗಿದರು. ಮುಂದಿನ ವಸಂತಕ್ಕೆ ರಾಬಿನ್ ಹಕ್ಕಿಗಳು ಅಲ್ಲಲ್ಲಿ ನಡುಗಿ ಬಿದ್ದು ಸಾಯಲಾರಂಭಿಸಿದವು. ಹಕ್ಕಿಗೆ ಯಾರೂ ವಿಷ ಹಾಕಿರಲಿಲ್ಲ. ಹುಡುಕುತ್ತಾ ಹೋದಾಗ ದಾರಿ ಸಿಕ್ಕಿತು. ಮರದ ಎಲೆಗೆ ಸಿಂಪಡಿಸಿದ್ದು ಎಲೆಯ ಜೊತೆ ನೆಲಕ್ಕೆ ಬಿತ್ತು, ಎಲೆಯನ್ನು ಎರೆಹುಳು ತಿಂದು ಮೈಯಲ್ಲಿ ವಿಷ ಕೂಡಿಟ್ಟುಕೊಂಡಿತು, ಹುಳವನ್ನು ಹಕ್ಕಿ ತಿಂದಿತು. ರೇಚಲ್ ಕಾರ್ಸನ್ ಅವರು 1962ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಲೋಕಕ್ಕೆ ತಿಳಿಸಿದರು. ಒಂದು ಹಕ್ಕಿ ಸಾಯಲು ಹನ್ನೊಂದು ದೊಡ್ಡ ಎರೆಹುಳು ಸಾಕಾಗುತ್ತಿತ್ತು.

ನಮ್ಮ ದೇಶದಲ್ಲಿ ಡಿಡಿಟಿಯನ್ನು ಬೇಸಾಯಕ್ಕೆ ಬಳಸುವುದು ನಿಂತದ್ದು 1989ರಲ್ಲಿ. ಊರೂರಿನ ಅಂಗಡಿಗಳಲ್ಲಿ ಸಿಗುತ್ತಿದ್ದ ಬಿಎಚ್‌ಸಿ ಪುಡಿಗೆ 1997ರಲ್ಲಿ ನಿಷೇಧ ಬಂತು. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಲ್ಲಿಸಿತು. ಮಣ್ಣಿಗೇ ಹಾಕುತ್ತಿದ್ದ ಫೋರೇಟ್ ಹರಳಿಗೆ 2020ರ ಕೊನೆಗೆ ತೆರೆ ಬಿತ್ತು. ಪ್ರತಿಯೊಂದೂ ಬಂದಾಗ ರೈತನ ಮಿತ್ರನೆಂದೇ ಬಂದದ್ದು, ಹೋಗುವಾಗ ಸರ್ಕಾರದ ಆದೇಶದಿಂದ ಹೋದದ್ದು. ಶತ್ರುವಿಗೆಂದು ಹಾಕಿದ ಮದ್ದಿಗೆ ಮಿತ್ರರ ಗುರುತು ಸಿಗುವುದಿಲ್ಲ ಎಂಬುದೇ ಇದರ ತಾತ್ಪರ್ಯ.

ನಮ್ಮ ನಾಡಿನಲ್ಲಿ

ನಮ್ಮ ಹಿರಿಯರಿಗೆ ಆಲಿಕೆಯ ಲೆಕ್ಕ ಗೊತ್ತಿರಲಿಲ್ಲ, ಆದರೆ ಹುಳಕ್ಕೆ ಊಟ ಹಾಕುವ ಕ್ರಮ ಗೊತ್ತಿತ್ತು. ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ ಇದ್ದದ್ದು ಅದಕ್ಕೇ. ಬೆಟ್ಟದ ಸೊಪ್ಪು, ದರಗು ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲದ ಜೊತೆ ಗೊಬ್ಬರದ ಗುಂಡಿ ಸೇರಿ, ಅಲ್ಲಿಂದ ಮರದ ಬುಡಕ್ಕೆ ಬರುತ್ತಿತ್ತು. ಆ ದಾರಿಯುದ್ದಕ್ಕೂ ಕೆಲಸ ಮಾಡುತ್ತಿದ್ದವರು ಈ ಹುಳಗಳೇ. ಹುತ್ತವೂ ಅಷ್ಟೆ. ಹಾವಿನದೆಂದು ನಾವು ಹಾಲೆರೆಯುವ ಹುತ್ತ ನಿಜದಲ್ಲಿ ಗೆದ್ದಲು ಕಟ್ಟಿದ ಮನೆ. ಅದರೊಳಗೆ ಗೆದ್ದಲುಗಳು ಒಣ ಎಲೆ ಕಡ್ಡಿ ತಂದು ಅದರ ಮೇಲೆ ಬೂಜಿನ ತೋಟ ಮಾಡುತ್ತವೆ. ಮಳೆಗಾಲದಲ್ಲಿ ಹುತ್ತದ ಸುತ್ತ ಎದ್ದು ಬಂದು ನಮ್ಮ ಸಾರಿನ ಪಾತ್ರೆ ಸೇರುವ ಅಣಬೆ ಆ ತೋಟದ ಫಸಲೇ.

ವಿಜ್ಞಾನದ ರೀತಿಯಲ್ಲಿ ಈ ಅಧ್ಯಯನ ನಮ್ಮಲ್ಲಿ ಬಲಗೊಂಡದ್ದು 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯ ಡಾ. ಜಿ. ಕೆ. ವೀರೇಶ್ ಅವರು 1970ರ ದಶಕದಲ್ಲಿ ಬೆಳೆಯ ಬೇರು ಕಡಿಯುವ ಗೊಣ್ಣೆಹುಳುಗಳ ಮೇಲೆ ಆಳವಾದ ಅಧ್ಯಯನ ನಡೆಸಿದವರು. ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಬೇರು ಕಡಿಯುವ ಶತ್ರುವನ್ನು ಅಷ್ಟು ಹತ್ತಿರದಿಂದ ನೋಡಿದ ಅವರೇ ಮಣ್ಣಿನ ಒಟ್ಟು ಜೀವಿಗಳ ಅಧ್ಯಯನಕ್ಕೂ ಮುಂದಾಳುಗಳಾದದ್ದು ಗಮನಿಸತಕ್ಕ ವಿಷಯ. 1988ರ ಆಗಸ್ಟಿನಲ್ಲಿ ಮಣ್ಣಿನ ಜೀವಿಗಳ ಹತ್ತನೆಯ ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆದದ್ದು ಬೆಂಗಳೂರಿನಲ್ಲಿ. ಡಾ. ರಾಧಾ ಕಾಳೆ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಅಲ್ಲೇ ಎರೆಹುಳುಗಳಿಂದ ಕಸವನ್ನು ಗೊಬ್ಬರ ಮಾಡುವ ಕೆಲಸವನ್ನು ಬೆಳೆಸಿದರು. ಇವತ್ತು ಹಳ್ಳಿ ಹಳ್ಳಿಯಲ್ಲಿ ಕಾಣುವ ಎರೆಗೊಬ್ಬರದ ತೊಟ್ಟಿಗಳ ಹಿಂದೆ ಇಂಥವರ ಶ್ರಮವಿದೆ.

ಮಂಗಳೂರು ವಿಶ್ವವಿದ್ಯಾನಿಲಯದವರು ಇನ್ನೊಂದು ಹುಳದ ಬೆನ್ನು ಹತ್ತಿದರು. ಘಟ್ಟದ ಕಾಡು ತೋಟಗಳಲ್ಲಿ ಮುಟ್ಟಿದೊಡನೆ ಗೋಲಿಯ ಹಾಗೆ ಸುರುಳಿಕೊಳ್ಳುವ ದೊಡ್ಡ ಹುಳ ಒಂದಿದೆಯಲ್ಲ, ಅದು ವುಡ್‌ಲೌಸ್ ಅಲ್ಲ, ಸಹಸ್ರಪದಿಯ ಒಂದು ಜಾತಿ. ಅಡಿಕೆ, ಕೊಕ್ಕೊ ಮುಂತಾದ ತೋಟದ ಕಸವನ್ನು ಇದಕ್ಕೆ ಉಣಿಸಿ, ಅದರ ಹಿಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ ಎಂದು ಅವರು 2006ರಲ್ಲಿ ವರದಿ ಮಾಡಿದರು. ಮಕ್ಕಳು ಆಟಕ್ಕೆ ಉರುಳಿಸುವ ಗೋಲಿಹುಳ ಹೀಗೆ ನಮ್ಮ ತೋಟದ ಆಳೂ ಹೌದು ಎಂದು ತಿಳಿದುಬಂತು.

ನಮ್ಮ ಸಂಘಕ್ಕೂ ಇದಕ್ಕೂ ಏನು ಸಂಬಂಧ?

ಹಾಗೆಂದು ಮಣ್ಣಿನಲ್ಲಿರುವವರೆಲ್ಲ ಮಿತ್ರರೇ ಎಂದು ನಾವು ಹೇಳುವುದಿಲ್ಲ. ವುಡ್‌ಲೌಸ್ ಕೂಡ ಹಸಿದಾಗ ಸಸಿಮಡಿಯ ಎಳೆ ಚಿಗುರಿಗೆ ಬಾಯಿ ಹಾಕುತ್ತದೆ. ಗೆದ್ದಲು ಏನು ಮಾಡುತ್ತದೆಂದು ಮನೆ ಕಟ್ಟಿದವರಿಗೆ ಗೊತ್ತು. ಅಡಿಕೆಯ ಬೇರುಹುಳದಿಂದ ಸೊರಗಿದ ಮರದ ಮುಂದೆ ನಿಂತವನಿಗೆ ಹುಳದ ಹೊಗಳಿಕೆ ರುಚಿಸುವುದೂ ಇಲ್ಲ. ಸಾಲದ ಕಂತು ಎದುರಿಗಿರುವಾಗ ಅವನು ಸಿಕ್ಕಿದ ಮದ್ದು ಹಾಕುವುದು ಸಹಜ. ಕಷ್ಟ ಇರುವುದು ಇಲ್ಲೇ. ಒಂದು ಹಗೆಗೆಂದು ಬುಡಕ್ಕೆ ಸುರಿದದ್ದು ನೂರು ಜಾತಿಯ ಆಳುಗಳಿಗೂ ತಾಗುತ್ತದೆ, ಮುಂದಿನ ವರ್ಷ ಆ ಕೂಲಿಯನ್ನು ರೈತನೇ ತೆರಬೇಕಾಗುತ್ತದೆ.

ಇದಕ್ಕೆ ಒಬ್ಬೊಬ್ಬರಾಗಿ ಪರಿಹಾರವಿಲ್ಲ, ಒಟ್ಟಾದರೆ ಉಂಟು. ಬೇರುಹುಳದ ದುಂಬಿಗಳು ಮುಂಗಾರಿನ ಮೊದಲ ಮಳೆಗಳ ನಂತರ ಮುಸ್ಸಂಜೆಯ ಹೊತ್ತಿಗೆ ನೆಲದಿಂದ ಎದ್ದು ಹಾರುತ್ತವೆ. ಆಗ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದಿನ ಸಂತಾನವೇ ತಪ್ಪುತ್ತದೆ. ಆದರೆ ಒಂದು ತೋಟದವರು ಹಿಡಿದು ಪಕ್ಕದವರು ಬಿಟ್ಟರೆ ಪ್ರಯೋಜನ ಕಡಮೆ. ದುಂಬಿ ಬೇಲಿಗೆ ಹೆದರುವುದಿಲ್ಲ. ಊರಿಗೆ ಊರೇ ಆ ಕೆಲವು ಸಂಜೆ ತೋಟಕ್ಕಿಳಿದರೆ ಆಗುವ ಕೆಲಸವೇ ಬೇರೆ. ಇದನ್ನು ಏರ್ಪಡಿಸಲು ಸಹಕಾರ ಸಂಘಕ್ಕಿಂತ ಯೋಗ್ಯವಾದ ಸಂಸ್ಥೆ ಹಳ್ಳಿಯಲ್ಲಿ ಇನ್ನಾವುದಿದೆ?

ಎರಡನೆಯದು, ದರಗಿಗೆ ಬೆಂಕಿ ಇಡುವ ಅಭ್ಯಾಸ. ಗುಡಿಸಿ ಸುಟ್ಟರೆ ಅಂಗಳ ಚೊಕ್ಕಟ ಕಾಣುತ್ತದೆ ನಿಜ, ಆದರೆ ಸುಡುವುದು ಈ ಸಂಘದ ಸದಸ್ಯರ ಊಟವನ್ನು, ಹೊದಿಕೆಯನ್ನು. ಬುಡದಲ್ಲಿ ಒಂದು ಹಾಸು ಎಲೆ ಉಳಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ತೇವ ಉಳಿದ ಕಡೆ ಹುಳ ಉಳಿಯುತ್ತದೆ. ತೊಟ್ಟಿಯಲ್ಲಿ ಸಾಕುವ ಎರೆಹುಳು ಬೇರೆ, ತೋಟದ ಮಣ್ಣಿನಲ್ಲಿ ಬಿಲ ಕೊರೆಯುವ ಎರೆಹುಳು ಬೇರೆ. ಎರಡನೆಯದನ್ನು ಪ್ಯಾಕೆಟ್ಟಿನಲ್ಲಿ ಕೊಂಡು ತರಲು ಆಗುವುದಿಲ್ಲ, ಊಟ ನೆರಳು ಕೊಟ್ಟು ಉಳಿಸಿಕೊಳ್ಳಬೇಕು.

ಮೂರನೆಯದು, ನಮ್ಮ ಮಾರಾಟ ವಿಭಾಗದ ಮಾತು. ಗೊಬ್ಬರ, ಔಷಧಿ ಮಾರುವುದು ಸಂಘದ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಕೊಳ್ಳಿರಿ, ಈ ಮದ್ದು ಮಣ್ಣಿಗೆ ಇಳಿದರೆ ಏನಾಗ್ತದೆ ಎಂದು ಕೌಂಟರಿನಲ್ಲಿ ಕೇಳಿರಿ ಎಂದು ಸದಸ್ಯರಿಗೆ ಹೇಳುವುದೂ ಸಂಘದ ಕರ್ತವ್ಯವೇ. ಕೇಳುವ ಸದಸ್ಯರಿದ್ದರೆ ಹೇಳುವ ಸಂಘವಿರುತ್ತದೆ.

ಡಾರ್ವಿನ್ನರು ಸುಣ್ಣದ ಚೂರು ಹರಡಿ 29 ವರ್ಷ ಕಾದರು. ನಮ್ಮ ಸಂಘಕ್ಕೆ ಈಗಷ್ಟೇ 25 ತುಂಬಿದೆ. ಹಿರಿಯರು ಕಟ್ಟಿದ ಒಂದೊಂದು ಷೇರು, ಒಂದೊಂದು ಕಂತು ಕೂಡಿ ಇವತ್ತಿನ ಕಟ್ಟಡವಾಯಿತು. ಕಾಲಡಿಯ ಸಂಘದವರೂ ಹಾಗೆಯೇ ಒಂದೊಂದು ಎಲೆ, ಒಂದೊಂದು ತುತ್ತು ಮಣ್ಣು ಕೂಡಿಸಿ ನಮ್ಮ ತೋಟಗಳನ್ನು ಕಟ್ಟಿದ್ದಾರೆ. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವ ಮಕ್ಕಳು ಕಲ್ಲು ಎತ್ತಿ ನೋಡಿದಾಗ ಅಡಿಯಲ್ಲಿ ಇವರೆಲ್ಲ ಇನ್ನೂ ಇರಲಿ ಎಂದು ಹಾರೈಸುತ್ತೇವೆ.